ಲಿಂಕ್ ಕೊಳ್ಳುವ ಮುಂಚೆ ನಿಮ್ಮ ಸೈಟ್ ಒಳಗೇ ಒಮ್ಮೆ ನೋಡಿ

ನಾನು ಬೆಂಗಳೂರಿನ ಒಂದು ಚಿಕ್ಕ ಕಂಪನಿಯಲ್ಲಿ ಎಸ್‌ಇಒ ಕೆಲಸ ಮಾಡುತ್ತೇನೆ. ಜನ ಗೂಗಲ್‌ನಲ್ಲಿ ಏನಾದರೂ ಹುಡುಕಿದಾಗ ನಮ್ಮ ಗ್ರಾಹಕರ ಪುಟ ಕಣ್ಣಿಗೆ ಬೀಳುವ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಗ್ರಾಹಕರಲ್ಲಿ ಜಾಸ್ತಿ ಇಂಗ್ಲಿಷ್ ಸೈಟ್‌ನವರೇ. ಕನ್ನಡದವು ಕೆಲವೇ ಕೆಲವು. ಅದರಲ್ಲಿ ಒಂದು ಮಲೆನಾಡಿನ ಬೆಳೆಗಳ ಬಗ್ಗೆ ಮಾಹಿತಿ ಕೊಡುವ ಸೈಟ್. ಲಿಂಕ್ ಬಗ್ಗೆ ನನಗೆ ಚೆನ್ನಾಗಿ ಅರ್ಥವಾಗಿದ್ದು ಆ ಸೈಟ್‌ನ ಕೆಲಸ ಮಾಡುವಾಗ.

ಅದರ ಯಜಮಾನರು ಒಂದು ದಿನ ಫೋನ್ ಮಾಡಿದರು. "ನೋಡಮ್ಮಾ, ಯಾರೋ ಮೇಲ್ ಕಳಿಸಿದ್ದಾರೆ. ತಿಂಗಳಿಗೆ ಇಷ್ಟು ದುಡ್ಡು ಕೊಟ್ರೆ ನೂರಾರು ಸೈಟ್‌ಗಳಿಂದ ನಮಗೆ ಲಿಂಕ್ ಕೊಡಿಸ್ತಾರಂತೆ. ಎಲ್ಲ ಡಿಎ ಐವತ್ತಕ್ಕಿಂತ ಮೇಲಿನವಂತೆ. ತಗೊಳ್ಳೋಣ್ವಾ?"

ಇಂಥ ಮೇಲ್ ಸೈಟ್ ಇಟ್ಟುಕೊಂಡ ಎಲ್ಲರಿಗೂ ಬರುತ್ತದೆ. ಈ ಡಿಎ, ಅಂದರೆ ಡೊಮೈನ್ ಅಥಾರಿಟಿ, ಮಾಜ್ ಅನ್ನುವ ಖಾಸಗಿ ಕಂಪನಿ ತನ್ನ ಲೆಕ್ಕದಲ್ಲಿ 1ರಿಂದ 100ರವರೆಗೆ ಕೊಡುವ ಅಂಕ. ಗೂಗಲ್ ತನ್ನ ರ‍್ಯಾಂಕಿಂಗ್‌ಗೆ ಅದನ್ನು ಬಳಸುವುದಿಲ್ಲ. ಒಂದು ಸೈಟನ್ನು ಇನ್ನೊಂದರ ಜೊತೆ ಹೋಲಿಸಿ ನೋಡಲು ನಾವೂ ಆ ಅಂಕ ನೋಡುತ್ತೇವೆ, ತಪ್ಪೇನಿಲ್ಲ. ಆದರೆ ಆ ಅಂಕ ತೋರಿಸಿ ಲಿಂಕ್ ಮಾರುತ್ತಾರೆ ಅಂದರೆ ಅವರ ಹತ್ತಿರ ಇರುವುದು ಆ ಅಂಕ ಮಾತ್ರ.

ಅವರಿಗೆ ಬರೀ ಬೇಡ ಅಂದರೆ ಸಾಲದು, ಯಾಕೆ ಬೇಡ ಅಂತ ಹೇಳಬೇಕಿತ್ತು. ಅದಕ್ಕೆ ಲಿಂಕ್‌ಗೆ ಬೆಲೆ ಬಂದದ್ದು ಹೇಗೆ ಅನ್ನುವುದರಿಂದಲೇ ಶುರು ಮಾಡಿದೆ.

1990ರ ದಶಕದ ಹುಡುಕು ಯಂತ್ರಗಳು ಮುಖ್ಯವಾಗಿ ಪುಟದಲ್ಲಿರುವ ಪದಗಳನ್ನೇ ನೋಡುತ್ತಿದ್ದವು. ಅಡಿಕೆ ಅಂತ ಹೆಚ್ಚು ಸಲ ಬರೆದವರ ಪುಟ ಮೇಲೆ ಬರುತ್ತಿತ್ತು. ಹಾಗಾಗಿ ಜನ ಒಂದೇ ಪದವನ್ನು ಸುಮ್ನೆ ತುಂಬಿಸಲು ಶುರು ಮಾಡಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಬೇರೆ ದಾರಿ ಹುಡುಕಿದರು. ವಿಜ್ಞಾನದ ಲೇಖನಗಳ ಮಹತ್ವವನ್ನು, ಬೇರೆ ಲೇಖನಗಳು ಅವನ್ನು ಎಷ್ಟು ಉಲ್ಲೇಖಿಸಿವೆ ಅನ್ನುವುದರಿಂದ ಅಳೆಯುವ ಪದ್ಧತಿ ಆಗಲೇ ಇತ್ತು. ಯೂಜೀನ್ ಗಾರ್ಫೀಲ್ಡ್ 1960ರ ದಶಕದಲ್ಲೇ ಅಂಥ ಸೂಚಿ ತಯಾರಿಸಿದ್ದರು. ವೆಬ್ ಪುಟಗಳ ನಡುವಿನ ಲಿಂಕನ್ನೂ ಹಾಗೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಅಂತ ಇವರಿಬ್ಬರು 1998ರ ತಮ್ಮ ಪ್ರಬಂಧದಲ್ಲಿ ತೋರಿಸಿದರು. ಅದೇ ಪೇಜ್‌ರ‍್ಯಾಂಕ್.

ಯಜಮಾನರಿಗೆ ನಾನು ಹಸುವಿನ ವ್ಯಾಪಾರದ ಉದಾಹರಣೆ ಕೊಟ್ಟೆ. ಹಸು ಕೊಳ್ಳುವ ಮುಂಚೆ ಊರಲ್ಲಿ ನಾಲ್ಕು ಜನರನ್ನು ಕೇಳುತ್ತೇವೆ. ನಾಲ್ವರ ಮಾತಿಗೂ ಒಂದೇ ತೂಕ ಇರುವುದಿಲ್ಲ. ವರ್ಷಗಟ್ಟಲೆ ಹಸು ಸಾಕಿ, ಊರಿನವರೆಲ್ಲ ಸಲಹೆ ಕೇಳಲು ಹೋಗುವಂಥ ಮನುಷ್ಯ ಚೆನ್ನಾಗಿದೆ ಅಂದರೆ ಅದು ದೊಡ್ಡ ಮಾತು. ಕಂಡ ಹಸುಗಳನ್ನೆಲ್ಲ ಚೆನ್ನಾಗಿದೆ ಅನ್ನುವವನ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೇಜ್‌ರ‍್ಯಾಂಕ್ ಲೆಕ್ಕವೂ ಹೀಗೇ. ಒಂದು ಪುಟಕ್ಕೆ ಎಷ್ಟು ಲಿಂಕ್ ಬಂದಿವೆ ಅನ್ನುವುದರ ಜೊತೆಗೆ, ಆ ಲಿಂಕ್ ಕೊಟ್ಟ ಪುಟಗಳಿಗೆ ಎಷ್ಟು ತೂಕ ಇದೆ ಅಂತಲೂ ನೋಡುತ್ತದೆ. ಕೊಡುವ ಪುಟ ತನ್ನ ತೂಕವನ್ನು ತನ್ನಲ್ಲಿರುವ ಎಲ್ಲ ಲಿಂಕ್‌ಗಳಿಗೂ ಹಂಚುತ್ತದೆ. ಎರಡೇ ಲಿಂಕ್ ಇದ್ದರೆ ಅರ್ಧರ್ಧ. ನೂರು ಇದ್ದರೆ ಒಂದೊಂದಕ್ಕೆ ನೂರರಲ್ಲಿ ಒಂದು ಪಾಲು.

ಈ ಲೆಕ್ಕದ ಹಿಂದೆ ಒಂದು ಕಲ್ಪನೆ ಇದೆ. ಒಬ್ಬ ಓದುಗ ಕಣ್ಣಿಗೆ ಬಿದ್ದ ಲಿಂಕ್ ಒತ್ತುತ್ತಾ ಪುಟದಿಂದ ಪುಟಕ್ಕೆ ಹೋಗುತ್ತಿದ್ದಾನೆ ಅಂದುಕೊಳ್ಳಿ. ನಡುವೆ ಬೇಜಾರಾದರೆ ಎಲ್ಲೋ ಬೇರೆ ಪುಟಕ್ಕೆ ಹಾರುತ್ತಾನೆ. ಮುಂದಿನ ಲಿಂಕ್ ಒತ್ತುವ ಸಾಧ್ಯತೆಯನ್ನು ಸಾಮಾನ್ಯವಾಗಿ 0.85 ಅಂತ ಇಡುತ್ತಾರೆ. ಹೀಗೆ ಅಲೆಯುತ್ತಾ ಹೋದರೆ ಅವನು ಯಾವ ಪುಟಕ್ಕೆ ಹೆಚ್ಚು ಸಲ ಬಂದು ನಿಲ್ಲುತ್ತಾನೋ ಅದಕ್ಕೆ ಅಂಕ ಜಾಸ್ತಿ. 2.6 ಕೋಟಿ ಪುಟಗಳ ಲೆಕ್ಕವನ್ನು ಒಂದು ಸಾಧಾರಣ ವರ್ಕ್‌ಸ್ಟೇಷನ್‌ನಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿಸಬಹುದು ಅಂತ ಆ ಪ್ರಬಂಧದಲ್ಲೇ ಇದೆ. ನನಗೆ ಇವತ್ತಿಗೂ ಇದು ತುಂಬಾ ಇಷ್ಟವಾಗುವ ವಿಚಾರ. ಯಾರೋ ಒಬ್ಬರು ತಮ್ಮ ಪಾಡಿಗೆ, ಇದನ್ನೂ ಓದಿ ಅಂತ ಇನ್ನೊಬ್ಬರ ಬರಹ ತೋರಿಸುತ್ತಾರೆ. ಅಂಥ ಕೋಟಿಗಟ್ಟಲೆ ಮಾತುಗಳನ್ನು ಒಟ್ಟುಮಾಡಿ ಕೇಳಿಸಿಕೊಳ್ಳುವ ಲೆಕ್ಕ ಅದು.

ದುಡ್ಡು ಕೊಟ್ಟು ಲಿಂಕ್ ಹಾಕಿಸಿದರೆ ಈ ಲೆಕ್ಕವೇ ಕೆಡುತ್ತದೆ, ಅಲ್ವಾ? ಅದಕ್ಕೇ ಗೂಗಲ್ ಅದನ್ನು ತಡೆಯುತ್ತದೆ. ಅಮೆರಿಕದ ಜೆ.ಸಿ. ಪೆನ್ನಿ ಅಂಗಡಿಯ ಪ್ರಕರಣವನ್ನು ನಾನು ಪ್ರತಿ ಹೊಸ ಗ್ರಾಹಕರಿಗೂ ಹೇಳುತ್ತೇನೆ. 2010ರ ಕ್ರಿಸ್‌ಮಸ್ ಸೀಸನ್‌ನಲ್ಲಿ ಡ್ರೆಸ್, ಹಾಸಿಗೆ ಬಟ್ಟೆ, ಕಾರ್ಪೆಟ್, ಹೀಗೆ ಯಾವುದನ್ನು ಹುಡುಕಿದರೂ ಅವರದ್ದೇ ಮೊದಲ ಸ್ಥಾನ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಬ್ಬ ಪರಿಣತರ ಕೈಲಿ ತನಿಖೆ ಮಾಡಿಸಿತು. ಅಂಗಡಿಗೂ ಬಟ್ಟೆಗೂ ಸಂಬಂಧವೇ ಇಲ್ಲದ ಸೈಟ್‌ಗಳೂ ಸೇರಿ 2,015 ಪುಟಗಳಲ್ಲಿ ಅವರ ಕಡೆಗೆ ಲಿಂಕ್ ಇತ್ತು. 2011ರ ಫೆಬ್ರವರಿಯಲ್ಲಿ ಗೂಗಲ್ ಕ್ರಮ ತೆಗೆದುಕೊಂಡಿತು. ಸ್ಯಾಮ್ಸೊನೈಟ್ ಕೈ ಸೂಟ್‌ಕೇಸ್‌ನ ಹುಡುಕಾಟದಲ್ಲಿ ಮೊದಲನೆಯದಾಗಿದ್ದ ಅವರ ಪುಟ 71ನೇ ಸ್ಥಾನಕ್ಕೆ ಇಳಿಯಿತು. ಆ ಲಿಂಕ್‌ಗಳು ತಮ್ಮ ಗಮನಕ್ಕೆ ಬಂದಿರಲಿಲ್ಲ ಅಂದ ಕಂಪನಿ, ತನ್ನ ಎಸ್‌ಇಒ ಸಂಸ್ಥೆಯನ್ನು ಕೈಬಿಟ್ಟಿತು. ಮುಂದೆ 2012ರ ಏಪ್ರಿಲ್‌ನಲ್ಲಿ ಗೂಗಲ್‌ನ ಲೆಕ್ಕದಲ್ಲಿ ಪೆಂಗ್ವಿನ್ ಅನ್ನುವ ಬದಲಾವಣೆ ಬಂತು. ಆಮೇಲೆ ಇಂಥ ಲಿಂಕ್‌ಗಳನ್ನು ಹಿಡಿಯುವ ಕೆಲಸ ತಾನೇ ತಾನಾಗಿ ನಡೆಯತೊಡಗಿತು. ಜಾಹೀರಾತಿಗಾಗಿ ಲಿಂಕ್ ಕೊಡುವುದು ತಪ್ಪಲ್ಲ. ಆದರೆ ಅದಕ್ಕೆ ಸ್ಪಾನ್ಸರ್ಡ್ ಅಥವಾ ನೋಫಾಲೋ ಗುರುತು, ಅಂದರೆ ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ಗೂಗಲ್‌ಗೆ ಹೇಳುವ ಗುರುತು, ಹಾಕಬೇಕು. ಅಂಥ ಲಿಂಕ್‌ನಿಂದ ರ‍್ಯಾಂಕ್ ಏರುತ್ತದೆ ಅಂತ ಕಾಯುವ ಹಾಗಿಲ್ಲ.

ಯಜಮಾನರು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಸರಿ, ಹಾಗಾದ್ರೆ ನಮ್ಮ ಕೊಳೆರೋಗದ ಪುಟ ಯಾಕೆ ಕಾಣಲ್ಲ?"

ಅದು ಒಳ್ಳೆಯ ಪ್ರಶ್ನೆ. ಆ ಪುಟ ಬರೆದವರು ನಿವೃತ್ತ ಕೃಷಿ ಅಧಿಕಾರಿ. ಮಳೆಗಾಲದಲ್ಲಿ ಅಡಿಕೆ ಗೊನೆಯನ್ನು ಹಾಳುಮಾಡುವ ಕೊಳೆರೋಗ, ಅದಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣ, ಎಲ್ಲವನ್ನೂ ವಿವರವಾಗಿ ಬರೆದಿದ್ದರು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಾಮುರುಗಾ ಮಾಡಬಾರದು. ಕಬ್ಬಿಣದ ಚಾಕು ಅದ್ದಿ ನೋಡಿದಾಗ ಕೆಂಪಗೆ ತಾಮ್ರ ಕೂತರೆ ಇನ್ನೂ ಸುಣ್ಣ ಬೇಕು. ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯಬೇಕು. ಇಷ್ಟು ಚೆನ್ನಾಗಿ ಬರೆದ ಪುಟ ಹುಡುಕಿದರೂ ಸಿಗುತ್ತಿರಲಿಲ್ಲ.

ಸೈಟ್ ಇಟ್ಟುಕೊಂಡವರಿಗೆ ಗೂಗಲ್ ವರದಿ ಕೊಡುವ ಸರ್ಚ್ ಕನ್ಸೋಲ್ ತೆರೆದು ನೋಡಿದರೆ ಆ ಪುಟ ಇಂಡೆಕ್ಸ್ ಆಗಿಯೇ ಇರಲಿಲ್ಲ, ಅಂದರೆ ಗೂಗಲ್‌ನ ಪಟ್ಟಿಗೇ ಸೇರಿರಲಿಲ್ಲ. ಇಂಥದ್ದೊಂದು ಪುಟ ಇದೆ ಅಂತ, ಸೈಟ್‌ನ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್‌ನಿಂದ ಗೂಗಲ್‌ಗೆ ಗೊತ್ತಿತ್ತು. ಬಂದು ಓದಿರಲಿಲ್ಲ ಅಷ್ಟೇ. ಯಾಕೆ ಅಂತ ಹುಡುಕುತ್ತಾ ಹೋದರೆ, ಸೈಟ್‌ನ ಬೇರೆ ಯಾವ ಪುಟದಿಂದಲೂ ಅದಕ್ಕೆ ಲಿಂಕ್ ಇರಲಿಲ್ಲ. ಹಳೆಯ ಬರಹಗಳೆಲ್ಲ "ಇನ್ನಷ್ಟು ನೋಡಿ" ಅನ್ನುವ ಬಟನ್ ಒತ್ತಿದರೆ ಮಾತ್ರ ಬರುತ್ತಿದ್ದವು. ಗೂಗಲ್‌ಬಾಟ್, ಅಂದರೆ ಪುಟಗಳನ್ನು ಓದಲು ಗೂಗಲ್ ಕಳಿಸುವ ಪ್ರೋಗ್ರಾಂ, ಬಟನ್ ಒತ್ತುವುದಿಲ್ಲ. ಅದು ಎಚ್‌ಟಿಎಂಎಲ್‌ನಲ್ಲಿ (ಪುಟ ಬರೆಯುವ ಕೋಡ್‌ನಲ್ಲಿ) ಸರಿಯಾಗಿ ಬರೆದ ಲಿಂಕ್ ಹಿಡಿದುಕೊಂಡು ಮುಂದಿನ ಪುಟಕ್ಕೆ ಹೋಗುತ್ತದೆ. ಹಾಗಾಗಿ ಬಟನ್‌ನ ಹಿಂದೆ ಇದ್ದ ಅಷ್ಟೂ ಬರಹಗಳಿಗೆ ದಾರಿಯೇ ಇರಲಿಲ್ಲ.

ನೂರಾರು ಹೊರಗಿನ ಲಿಂಕ್ ಕೊಳ್ಳಲು ಹೊರಟಿದ್ದ ಸೈಟ್ ತನ್ನ ಅತ್ಯುತ್ತಮ ಪುಟಕ್ಕೆ ತಾನೇ ಒಂದು ಲಿಂಕ್ ಕೊಟ್ಟಿರಲಿಲ್ಲ. ಇದು ಇವರೊಬ್ಬರ ಕಥೆಯಲ್ಲ. ನಾನು ನೋಡುವ ಬಹುತೇಕ ಕನ್ನಡ ಸೈಟ್‌ಗಳಲ್ಲಿ ಇದೇ ಪರಿಸ್ಥಿತಿ.

ಮುಖಪುಟದಿಂದ ನೇರವಾಗಿ ಹೋಗುವ ಹಾಗೆ ಅಡಿಕೆಗೇ ಒಂದು ಪುಟ ಮಾಡಿದೆವು. ಅಲ್ಲಿಂದ ಕೊಳೆರೋಗ, ಗೊಬ್ಬರ, ಕೊಯ್ಲು, ಎಲ್ಲದಕ್ಕೂ ಲಿಂಕ್. ಲಿಂಕ್‌ನ ಮೇಲಿನ ಅಕ್ಷರಗಳನ್ನೂ ಬದಲಿಸಿದೆವು. ಮೊದಲು ಎಲ್ಲ ಕಡೆ "ಇಲ್ಲಿ ಕ್ಲಿಕ್ ಮಾಡಿ" ಅಂತ ಇತ್ತು. ಆ ಪುಟದಲ್ಲಿ ಏನಿದೆ ಅಂತ ಅದರಿಂದ ಓದುಗನಿಗೂ ತಿಳಿಯುವುದಿಲ್ಲ, ಗೂಗಲ್‌ಗೂ ತಿಳಿಯುವುದಿಲ್ಲ. ಈಗ "ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ವಿಧಾನ" ಅಂತ ಇದೆ. ಜನ ಹುಡುಕುವ ಪದಗಳೂ ಅವೇ. ಕೆಲವರು ಕೊಳೆ ರೋಗ ಅಂತ ಬಿಡಿಸಿ ಬರೆಯುತ್ತಾರೆ, ಕೆಲವರು ಮಹಾಳಿ ಅನ್ನುತ್ತಾರೆ, ತುಂಬಾ ಜನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ. ಬರಹದೊಳಗೆ ಸಹಜವಾಗಿ ಬರುವ ಕಡೆ ಈ ಹೆಸರುಗಳನ್ನೂ ಸೇರಿಸಿದೆವು.

ಕೆಲವು ಹಳೆಯ ಲೇಖನಗಳಲ್ಲಿ ಇನ್ನೊಂದು ತೊಂದರೆ ಇತ್ತು. ಅವನ್ನು ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರ್ ಬಳಸುವ ಒಂದೇ ಸಂಕೇತ ಪದ್ಧತಿ) ಅಲ್ಲದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ಹಾಗೇ ಹಾಕಿದ್ದರು. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಹುಡುಕು ಯಂತ್ರಕ್ಕೆ ಅದರಲ್ಲಿ ಕನ್ನಡವೇ ಇಲ್ಲ. ಎಲ್ಲವನ್ನೂ ಯೂನಿಕೋಡ್‌ಗೆ ಬದಲಿಸಿದೆವು. ಪುಟದ ವಿಳಾಸವನ್ನೂ ಚಿಕ್ಕದು ಮಾಡಿದೆವು. ವಿಳಾಸದಲ್ಲಿ ಕನ್ನಡ ಅಕ್ಷರ ಇದ್ದರೆ ನಕಲು ಮಾಡಿ ಅಂಟಿಸುವಾಗ ಒಂದೊಂದು ಅಕ್ಷರ ಚಿಹ್ನೆಯೂ ಒಂಬತ್ತು ಇಂಗ್ಲಿಷ್ ಚಿಹ್ನೆಗಳಾಗಿಬಿಡುತ್ತದೆ. ವಾಟ್ಸಾಪ್‌ನಲ್ಲಿ ಅಂಥ ಉದ್ದದ ಸಾಲು ಬಂದರೆ ಜನ ವೈರಸ್ ಅಂತ ಹೆದರಿ ಒತ್ತುವುದಿಲ್ಲ. ಹಳೆಯ ವಿಳಾಸಕ್ಕೆ ಬಂದವರು ಹೊಸದಕ್ಕೇ ಹೋಗುವ ಹಾಗೆ 301 ರೀಡೈರೆಕ್ಟ್ ಹಾಕಿದೆವು.

ಮುಂದಿನ ಮಳೆಗಾಲಕ್ಕೆ ಮುಂಚೆಯೇ ಆ ಪುಟ ಹುಡುಕಾಟದ ಮೊದಲ ಪುಟಕ್ಕೆ ಬಂತು. ಬರೀ ಲಿಂಕ್‌ನಿಂದ ಹೀಗಾಯಿತು ಅಂತ ನಾನು ಹೇಳುವುದಿಲ್ಲ. ಪುಟ ಎಷ್ಟು ಉಪಯುಕ್ತ, ಹುಡುಕಿದ ಮಾತಿಗೆ ಎಷ್ಟು ಹೊಂದುತ್ತದೆ, ಯಾವ ಭಾಷೆಯಲ್ಲಿದೆ, ಮೊಬೈಲ್‌ನಲ್ಲಿ ಸರಿಯಾಗಿ ತೆರೆಯುತ್ತದಾ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಲಿಂಕ್‌ನ ತೂಕ ಮೊದಲಿನಷ್ಟು ಇಲ್ಲ ಅಂತ ಗೂಗಲ್‌ನವರೇ ಹೇಳಿದ್ದಾರೆ. ಆದರೆ ಪುಟಕ್ಕೆ ದಾರಿಯೇ ಇಲ್ಲದಿದ್ದರೆ ಉಳಿದ ಗುಣಗಳನ್ನು ನೋಡುವವರು ಯಾರು?

ಹೊರಗಿನ ಲಿಂಕ್ ಆಮೇಲೆ ತಾನಾಗಿ ಬಂತು. ಒಂದು ರೈತ ಉತ್ಪಾದಕರ ಸಂಘದವರು ತಮ್ಮ ಸೈಟ್‌ನಲ್ಲಿ ಆ ಪುಟಕ್ಕೆ ಲಿಂಕ್ ಹಾಕಿಕೊಂಡರು. ನಾವು ಕೇಳಿರಲಿಲ್ಲ. ಅಡಿಕೆ ಬೆಳೆಯುವವರೇ ಅಡಿಕೆ ಬೆಳೆಯುವವರಿಗೆ ತೋರಿಸಿದ ಲಿಂಕ್ ಅದು. ಮಾರಾಟಕ್ಕಿದ್ದ ಆ ನೂರಾರು ಲಿಂಕ್‌ಗಳಿಗಿಂತ ನನಗೆ ಇದೊಂದೇ ದೊಡ್ಡದು.

ಇಂಥ ಲಿಂಕ್ ಕನ್ನಡದಲ್ಲಿ ತುಂಬಾ ಕಡಿಮೆ ಅನ್ನುವುದು ನನ್ನ ನಿಜವಾದ ಬೇಸರ. ಒಳ್ಳೆಯ ಬರಹ ಸಿಕ್ಕರೆ ನಾವು ಅದನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. ನೂರು ಗುಂಪುಗಳಲ್ಲಿ ಓಡಾಡಿದರೂ ಅದು ಹುಡುಕು ಯಂತ್ರಕ್ಕೆ ಕಾಣುವುದಿಲ್ಲ, ಆ ಮಾತುಕತೆಯೊಳಗೆ ಯಂತ್ರ ಹೋಗಲಾರದು. ಇನ್ನು ಕೆಲವರು ಪೂರ್ತಿ ಬರಹವನ್ನೇ ನಕಲು ಮಾಡಿ ತಮ್ಮ ಸೈಟ್‌ಗೆ ಹಾಕಿಕೊಳ್ಳುತ್ತಾರೆ, ಮೂಲಕ್ಕೆ ಲಿಂಕ್ ಕೊಡುವುದಿಲ್ಲ. ಬೇರೆಯವರಿಗೆ ಲಿಂಕ್ ಕೊಟ್ಟರೆ ಓದುಗ ಅಲ್ಲಿಗೇ ಹೋಗಿಬಿಡುತ್ತಾನೆ ಅನ್ನುವ ಭಯ ಎಷ್ಟೋ ಸಂಪಾದಕರಿಗೆ ಇದೆ. ಕನ್ನಡದಲ್ಲಿ ಬರೆಯುವವರು ಒಬ್ಬರಿಗೊಬ್ಬರು ಲಿಂಕ್ ಕೊಡಿ ಅಂತ ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ. ಹಾಗಂತ ನೀನು ಕೊಟ್ಟರೆ ನಾನು ಕೊಡುತ್ತೇನೆ ಅನ್ನುವ ಲೆಕ್ಕದಲ್ಲಿ ಅಲ್ಲ. ಓದಿ ಇಷ್ಟವಾಗಿದ್ದಕ್ಕೆ, ಓದುಗರಿಗೆ ಉಪಯೋಗ ಆಗುತ್ತದೆ ಅನ್ನಿಸಿದ್ದಕ್ಕೆ ಮಾತ್ರ.

ಈ ತಿಂಗಳು ಕಾಳುಮೆಣಸಿನ ಪುಟಗಳ ಕೆಲಸ ಹಿಡಿದಿದ್ದೇವೆ. ಮಲೆನಾಡಿನಲ್ಲಿ ಅಡಿಕೆ ಮರಕ್ಕೇ ಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ. ಬಳ್ಳಿಯ ಸೊರಗು ರೋಗಕ್ಕೂ ಬೋರ್ಡೋ ದ್ರಾವಣವನ್ನೇ ಬಳಸುತ್ತಾರೆ. ಒಬ್ಬನೇ ರೈತ, ಒಂದೇ ತೋಟ, ಒಂದೇ ಡ್ರಮ್. ಆದರೆ ಸೈಟ್‌ನಲ್ಲಿ ಅಡಿಕೆ ಪುಟಕ್ಕೂ ಮೆಣಸಿನ ಪುಟಕ್ಕೂ ಇಲ್ಲಿಯವರೆಗೆ ಸಂಬಂಧ ಇರಲಿಲ್ಲ. ಎಲ್ಲೆಲ್ಲಿ ಜೋಡಿಸಬೇಕು ಅಂತ ಆ ನಿವೃತ್ತ ಅಧಿಕಾರಿಯೇ ಪುಟಗಳ ಪ್ರಿಂಟ್ ತೆಗೆಸಿಕೊಂಡು ಪೆನ್ನಿನಲ್ಲಿ ಗುರುತು ಹಾಕಿ ಕಳಿಸಿದ್ದಾರೆ. ಅದನ್ನು ನೋಡಿಕೊಂಡು ನಾವು ಲಿಂಕ್ ಹಾಕುತ್ತಿದ್ದೇವೆ.