ಬಲಗಾಲು ತಣ್ಣಗಿತ್ತು

ಅಪ್ಪ ನೋವು ಎಂದು ಕೂಗುವ ಮನುಷ್ಯನಲ್ಲ. ತುಂಗಭದ್ರಾ ಎಡದಂಡೆ ನಾಲೆಯಲ್ಲಿ ಲಸ್ಕರ್ ಆಗಿ, ಅಂದರೆ ನಾಲೆಯ ನೀರು ನೋಡಿಕೊಳ್ಳುವ ಕೆಲಸಗಾರನಾಗಿ ದುಡಿದು ನಿವೃತ್ತನಾದವನು. ಒಮ್ಮೆ ಚೇಳು ಕಚ್ಚಿದಾಗಲೂ ಕೈಯಲ್ಲಿದ್ದ ಬೀಡಿ ಮುಗಿಸಿಯೇ ಎದ್ದಿದ್ದನಂತೆ. ಅಂಥವನು ಜನವರಿಯ ಒಂದು ನಸುಕಿನಲ್ಲಿ, ಐದು ಗಂಟೆಯ ಸುಮಾರಿಗೆ, ಕಾರಟಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಬಲಗಾಲಿನ ಮೀನಖಂಡ ಹಿಡಿದುಕೊಂಡು ‘ಅವ್ವಾ’ ಎಂದ. ನಾನು ದಡಬಡಿಸಿ ಎದ್ದೆ.

ವಾಯು ಹಿಡಿದಿದೆ ಎಂದಳು ಅವ್ವ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕುಸುಬೆ ಎಣ್ಣೆ ಬಂತು. ನಾನು ತಿಕ್ಕಿದೆ. ಪಾದ ತಣ್ಣಗಿತ್ತು, ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗಿದ್ದನಲ್ಲ, ಥಂಡಿ ಹತ್ತಿರಬೇಕು ಎಂದು ಬಿಸಿನೀರಿನ ಬಾಟಲಿಯನ್ನೂ ಒತ್ತಿದೆ. ಈಗ ನೆನೆದರೆ ಎದೆ ಝಲ್ಲೆನ್ನುತ್ತದೆ. ರಕ್ತವಿಲ್ಲದೆ ಸ್ಪರ್ಶ ಕಳೆದುಕೊಂಡ ಕಾಲಿಗೆ ಬಿಸಿ ಇಟ್ಟರೆ ಚರ್ಮ ಸುಟ್ಟರೂ ಆ ಮನುಷ್ಯನಿಗೆ ತಿಳಿಯುವುದಿಲ್ಲ. ಆರೂವರೆಗೆ ಊರಿನ ವೈದ್ಯರೊಬ್ಬರು ಸೊಂಟದ ನರ ಹಿಡಿದಿದೆ ಎಂದು ನೋವಿನ ಇಂಜೆಕ್ಷನ್ ಕೊಟ್ಟರು. ಅವರನ್ನು ಬೈಯಲು ನನಗೆ ಬಾಯಿಲ್ಲ. ಅದಕ್ಕೂ ಮೊದಲಿನ ಒಂದೂವರೆ ಗಂಟೆಯನ್ನು ಎಣ್ಣೆಯಲ್ಲಿ ಕಳೆದವನು ನಾನೇ.

ತಂಗಿ ನರ್ಸಿಂಗ್ ಓದಿದವಳು. ಫೋನಿನಲ್ಲಿ ಅವಳು ಕೇಳಿದ್ದು ಎರಡೇ ಪ್ರಶ್ನೆ. ಎರಡೂ ಪಾದಗಳನ್ನು ಒಟ್ಟಿಗೆ ಮುಟ್ಟಿದರೆ ಹೇಗಿದೆ? ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟರೆ ಕೆಂಪು ಮರಳುತ್ತದೆಯೇ? ಎಡಪಾದ ಬೆಚ್ಚಗಿತ್ತು. ಬಲಪಾದ ಹಳೆಯ ಮೇಣದ ಬತ್ತಿಯ ಬಣ್ಣಕ್ಕೆ ತಿರುಗಿತ್ತು; ಉಗುರು ಒತ್ತಿ ಬಿಟ್ಟು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿದೆ, ಬಿಳಿ ಬಿಳಿಯಾಗಿಯೇ ಉಳಿಯಿತು. ‘ಬಳ್ಳಾರಿಗೆ ಹೊರಡಿ, ಈಗಲೇ’ ಎಂದಳು. ಪಕ್ಕದ ಮನೆಯವರ ಕಾರು ಸಿಕ್ಕಿತು. ಗಂಗಾವತಿ ದಾಟಿದೆವು. ಮಳೆಗಾಲದಲ್ಲಿ ಹೊಳೆ ಬಂದರೆ ಮುಳುಗುವ ಕಂಪ್ಲಿ ಸೇತುವೆ ಜನವರಿಯಾದ್ದರಿಂದ ದಾರಿ ಬಿಟ್ಟಿತ್ತು. ಅಲ್ಲಿಗೆ ಬರುವಷ್ಟರಲ್ಲಿ ಅಪ್ಪ ನೋವು ಎನ್ನುವುದನ್ನು ನಿಲ್ಲಿಸಿದ್ದ. ಇಂಜೆಕ್ಷನ್ ಹಿಡಿಯಿತು ಎಂದು ನಾನು ಸಮಾಧಾನಪಟ್ಟುಕೊಂಡೆ. ಅದು ನರ ಸೋಲತೊಡಗಿದ ಲಕ್ಷಣವೂ ಆಗಿರಬಹುದೆಂದು ಗೊತ್ತಾದದ್ದು ಆಮೇಲೆ.

ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕರು ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ, ಪೆನ್ನಿನಂತಹ ಒಂದು ಡಾಪ್ಲರ್ ಸಾಧನವನ್ನು ಎಡಪಾದದ ಮೇಲೆ ಇಟ್ಟರು. ಹುಶ್, ಹುಶ್, ಹುಶ್. ಆದರೆ ಆ ಸದ್ದಿನಲ್ಲಿ ತಾಳವಿರಲಿಲ್ಲ. ಎರಡು ಬೇಗ, ಒಂದು ತಡ, ಮತ್ತೆ ಮೂರು ಬೇಗ. ಬಲಪಾದದ ಮೇಲೆ ಇಟ್ಟರು. ಏನೂ ಇಲ್ಲ. ಮೊಣಕಾಲಿನ ಹಿಂದೆ ಇಟ್ಟರು, ಅಲ್ಲೂ ಇಲ್ಲ. ತೊಡೆಸಂದಿಯಲ್ಲಿ ಮಾತ್ರ ಹುಶ್ ಎಂದಿತು. ಆ ಮೌನದಷ್ಟು ದೊಡ್ಡ ಸದ್ದನ್ನು ನಾನು ಕೇಳಿಲ್ಲ.

‘ಕಾಲಿನ ಕಾಯಿಲೆ ಕಾಲಿನದಲ್ಲ, ಹೃದಯದ್ದು’ ಎಂದರು ವೈದ್ಯರು. ಹೃದಯದ ಮೇಲಿನ ಕೋಣೆ ಸರಿಯಾಗಿ ಕುಗ್ಗದೆ ಬರೀ ಅದುರುತ್ತಿತ್ತು. ಎಡ ಮೇಲ್ಕೋಣೆಗೆ ಕಿವಿಯ ಆಕಾರದ ಒಂದು ಚೀಲವಿದೆ. ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಒಂದು ತುಣುಕು ಕಳಚಿ, ಹೃದಯದಿಂದ ರಕ್ತ ಒಯ್ಯುವ ಅಪಧಮನಿಯ ಹರಿವಿನಲ್ಲಿ ಇಳಿದು ಬಂದಿತ್ತು. ಮೇಲಕ್ಕೆ ಹೋಗಿದ್ದರೆ ಪಾರ್ಶ್ವವಾಯು. ಕೆಳಗೆ ಬಂದು ತೊಡೆಯಲ್ಲಿ ಸಿಕ್ಕಿಕೊಂಡಿತು. ನಾಲ್ಕು ತಿಂಗಳಿನಿಂದ ಅಪ್ಪ ‘ಎದೆ ಹಾರುತ್ತದೆ’ ಎನ್ನುತ್ತಿದ್ದ. ನಾವು ಚಹಾ ಕಡಿಮೆ ಮಾಡಿಸಿದ್ದೆವು.

ಸ್ಟ್ರೆಚರ್ ಮೇಲಿದ್ದ ಅಪ್ಪ ಇದನ್ನು ನನಗಿಂತ ಬೇಗ ಹಿಡಿದ. ‘ಹರಿಯುವ ನೀರಿನಲ್ಲಿ ಪಾಚಿ ಕಟ್ಟುವುದಿಲ್ಲ. ಮೇಲೆಲ್ಲೋ ನಿಂತ ಕಸ ಬಂದು ತೂಬಿಗೆ ಬಿದ್ದಿದೆ’ ಎಂದ. ವೈದ್ಯರು ನಕ್ಕು ತಲೆಯಾಡಿಸಿದರು. ಮುಂದೆ ನನಗೆ ಎಲ್ಲವೂ ಅವನ ನಾಲೆಯ ಲೆಕ್ಕದಲ್ಲೇ ಅರ್ಥವಾಗತೊಡಗಿತು. ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದರೆ ಕಾಲು ಊದುತ್ತದೆ, ಅಂದರೆ ಬಸಿಗಾಲುವೆ ಮುಚ್ಚಿ ಗದ್ದೆ ಜವುಳಾದಂತೆ. ಅಪಧಮನಿಯಲ್ಲಿ ಕಟ್ಟಿದರೆ ನೀರೇ ಬರುವುದಿಲ್ಲ, ಕೊನೆಯ ಗದ್ದೆ ಮೊದಲು ಒಣಗುತ್ತದೆ. ಸಾಮಾನ್ಯ ಹೃದಯಾಘಾತದ ರೀತಿ ಬೇರೆ: ಅಲ್ಲಿ ಕಸ ತೇಲಿ ಬರುವುದಿಲ್ಲ, ಕೊಬ್ಬು ಕೂತ ಗೋಡೆ ಬಿರಿದ ಜಾಗದಲ್ಲೇ ಹೆಪ್ಪುಗಟ್ಟುತ್ತದೆ.

ಹೆಪಾರಿನ್ ಚುಚ್ಚಿದರು. ಅದು ಕಟ್ಟಿದ್ದನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತದೆ. ತೆಗೆಯಲು ಕೊಯ್ಯಲೇಬೇಕು. ಸುಮಾರು ಆರು ಗಂಟೆ ಮೀರಿದರೆ ಸ್ನಾಯು, ನರಗಳು ಮರಳಿ ಬರುವ ಆಸೆ ಕ್ಷೀಣಿಸುತ್ತದೆ ಎಂದರು. ನಾನು ಗಡಿಯಾರ ನೋಡಿದೆ: ಹತ್ತು ಗಂಟೆ ಹತ್ತು ನಿಮಿಷ. ತೊಡೆಸಂದಿಯಲ್ಲಿ ಮಾತ್ರ ಮರಗಟ್ಟಿಸಿ, ತುದಿಯಲ್ಲಿ ಪುಟ್ಟ ಬಲೂನಿರುವ ತೆಳುವಾದ ಕೊಳವೆಯನ್ನು ಹೆಪ್ಪಿನ ಆಚೆಗೆ ತಳ್ಳಿ, ಬಲೂನು ಉಬ್ಬಿಸಿ ಹಿಂದಕ್ಕೆ ಎಳೆದರು. ಥಾಮಸ್ ಫೋಗರ್ಟಿ ಎಂಬ ಅಮೆರಿಕದ ವೈದ್ಯ 1960ರ ದಶಕದಲ್ಲಿ ಕಂಡುಹಿಡಿದ ಉಪಾಯವಂತೆ. ಹೊರಬಂದದ್ದನ್ನು ಸ್ಟೀಲಿನ ತಟ್ಟೆಯಲ್ಲಿ ತೋರಿಸಿದರು: ನೆನೆಸಿ ಹಿಂಡಿದ ಹುಣಸೆಹಣ್ಣಿನ ಎಳೆಯಂತೆ, ಕಪ್ಪುಗೆಂಪು, ನನ್ನ ಕಿರುಬೆರಳಿಗಿಂತ ಸ್ವಲ್ಪ ಉದ್ದ. ಇಷ್ಟಕ್ಕೆ!

ಕಾಲು ಉಳಿಯಿತು. ಎರಡು ದಿನ ಮೀನಖಂಡ ಊದಿಕೊಂಡಿತ್ತು. ರಕ್ತ ಮರಳಿದಾಗಲೂ ಅಪಾಯ ಇದ್ದೇ ಇದೆ, ಸೊರಗಿದ ಸ್ನಾಯುವಿನ ಕಸ ಮೂತ್ರಪಿಂಡಕ್ಕೆ ಇಳಿಯಬಹುದು ಎಂದು ಮೂತ್ರದ ಬಣ್ಣವನ್ನೂ ನೋಡುತ್ತಿದ್ದರು.

ಮನೆಗೆ ಬಂದ ಮೇಲೆ ಮಾತ್ರೆಯ ಸಂಸಾರ ಶುರುವಾಯಿತು. ವಾರ್ಫರಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. 1920ರ ದಶಕದಲ್ಲಿ ಉತ್ತರ ಅಮೆರಿಕದ ದನಗಳು ಮುಗ್ಗಿದ ಮೇವು ತಿಂದು ರಕ್ತಸ್ರಾವದಿಂದ ಸತ್ತದ್ದು ಇದರ ಮೂಲ. ಆ ಜಾಡು ಹಿಡಿದು ತಯಾರಾದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರಿಗೆ ಔಷಧವಾಯಿತು. ಇದನ್ನು ಅಪ್ಪನಿಗೆ ಹೇಳಿದ್ದು ನನ್ನ ತಪ್ಪು. ಭತ್ತದ ಬದುವಿನಲ್ಲಿ ವರ್ಷವಿಡೀ ಇಲಿಗಳ ಜೊತೆ ಯುದ್ಧ ಮಾಡುವವನು ಮಾತ್ರೆಯನ್ನು ಅಂಗೈಯಲ್ಲಿಟ್ಟು ‘ಎಷ್ಟು ಇಲಿಗೆ ಸಾಕು?’ ಎಂದು ದಿನಾ ಕೇಳುತ್ತಾನೆ. ಅವ್ವನ ಗೋಳು ಬೇರೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಯ ಬಲವನ್ನು ತಗ್ಗಿಸುತ್ತದೆ; ಬಿಡಬೇಕಿಲ್ಲ, ಆದರೆ ವಾರವಾರವೂ ಅಳತೆ ಒಂದೇ ಇರಲಿ ಎಂದಿದ್ದಾರೆ. ಪುಂಡಿಪಲ್ಯವನ್ನು ಅಳೆದು ಬಡಿಸುವ ಮನೆ ಯಾವುದಾದರೂ ಇದ್ದೀತೇ?

ರಕ್ತ ಪರೀಕ್ಷೆಯಲ್ಲಿ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬ ಅಳತೆ, ಎರಡರಿಂದ ಮೂರರೊಳಗೆ ಇರಬೇಕು. ಕೆಳಗಿಳಿದರೆ ಹೆಪ್ಪು, ಮೇಲೇರಿದರೆ ರಕ್ತಸ್ರಾವ. ಅಪ್ಪ ಅದನ್ನು ‘ಗೇಜು’ ಎನ್ನುತ್ತಾನೆ, ನಾಲೆಯ ನೀರಿನ ಮಟ್ಟ ಬರೆಯುತ್ತಿದ್ದ ಹಾಗೆಯೇ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯುತ್ತಾನೆ. ಕಳೆದ ತಿಂಗಳದ್ದು 2.4.

ಬಲಪಾದದ ಮುಂಭಾಗಕ್ಕೆ ಇನ್ನೂ ಸ್ಪರ್ಶ ಬಂದಿಲ್ಲ. ಆ ಎಣ್ಣೆಯ ಒಂದೂವರೆ ಗಂಟೆಯ ಪಾಲು ಅದರಲ್ಲಿ ಎಷ್ಟೋ, ನಾನು ಯಾರನ್ನೂ ಕೇಳಿಲ್ಲ. ಮೊನ್ನೆ ಸಂಜೆ ಗದ್ದೆಯಿಂದ ಬಂದವನ ಬಲಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಕಳಚಿದ್ದೇ ಅವನಿಗೆ ಗೊತ್ತಾಗಿಲ್ಲ. ಬ್ಯಾಟರಿ ಹಿಡಿದು ಹುಡುಕಿಕೊಂಡು ಹೋದೆ. ತೂಬಿನ ಪಕ್ಕದ ಕೆಸರಿನಲ್ಲಿ ಹೂತಿತ್ತು. ತೊಳೆದು ತಂದು ಕೊಟ್ಟೆ. ಪಾದಕ್ಕೆ ಮುಳ್ಳು ಚುಚ್ಚಿದೆಯೇ ಎಂದು ದೀಪದ ಕೆಳಗೆ ಅಂಗಾಲು ತಿರುಗಿಸಿ ನೋಡುತ್ತಿದ್ದಾಗ ಅಪ್ಪ ಕೇಳಿದ: ‘ಬೆಚ್ಚಗಿದೆಯಲ್ಲ?’