ಸಭೆಯ ಹಳೆಯ ರಿಜಿಸ್ಟರುಗಳನ್ನು ಓದಿಸಿದ ಗುರುಗಳು

ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ನಮಗೆ ಸಭಾ ಚರಿತ್ರೆಯನ್ನು, ಅಂದರೆ ಕ್ರೈಸ್ತ ಸಭೆಯ (ಚರ್ಚಿನ) ಇತಿಹಾಸವನ್ನು, ಬೋಧಿಸಿದ ಗುರುಗಳು, ಪ್ರಾಧ್ಯಾಪಕರಾಗುವುದಕ್ಕೆ ಮೊದಲು ದಕ್ಷಿಣ ಭಾರತ ಸಭೆಯ ಸಭಾಪಾಲಕರಾಗಿ (ಪಾಸ್ಟರ್ ಆಗಿ) ಒಳನಾಡಿನ ಚಿಕ್ಕ ಸಭೆಗಳಲ್ಲಿ ಸೇವೆ ಸಲ್ಲಿಸಿದ್ದರು. ಅವರ ಪಾಂಡಿತ್ಯ ಯಾವ ಕಡೆಗೆ ಮುಖಮಾಡಬೇಕೆಂಬುದು ಅಲ್ಲಿಯೇ ನಿರ್ಧಾರವಾಗಿತ್ತೆಂದು ನಾನು ನಂಬಿದ್ದೇನೆ.

1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು, 1843ರಲ್ಲಿ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದು, 1894ರಲ್ಲಿ ಫರ್ಡಿನಂಡ್ ಕಿಟ್ಟೆಲ್ ಅವರ ನಿಘಂಟು ಅಚ್ಚಾದದ್ದು ಇವೆಲ್ಲವೂ ಅವರ ಪಾಠದಲ್ಲಿ ಬರುತ್ತಿದ್ದವು, ಆದರೆ ಅವರು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹದಮಾಡಿದವರು ಯಾರು, ಮನೆತನದ ಆಸರೆ ತಪ್ಪಿ ಮಿಷನ್ನಿನ ಮಗ್ಗಗಳಲ್ಲಿ ನೇಯಲು ಕುಳಿತವರು ಯಾರು, ವರದಿಗಳಲ್ಲಿ ಹೆಸರೂ ಸಿಗದ ಆ ಜನರ ಚರಿತ್ರೆಯನ್ನು ಎಲ್ಲಿ ಹುಡುಕಬೇಕು ಎಂದು ಕೇಳಿ, ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಯ ಹಳೆಯ ರಿಜಿಸ್ಟರುಗಳನ್ನು ನಮ್ಮ ಮುಂದೆ ತೆರೆದಿಡುತ್ತಿದ್ದರು. ಒಂದು ಪುಟದಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಒಂದೇ ಮನೆಯ ಮೂವರು ಮಕ್ಕಳ ಸಮಾಧಿ ನಮೂದಾಗಿತ್ತು. ಗುರುಗಳು ಆ ಮೂರು ಹೆಸರುಗಳನ್ನು ನಮ್ಮಿಂದ ಗಟ್ಟಿಯಾಗಿ ಓದಿಸಿ, “ಆ ವಾರ ಈ ಮನೆಗೆ ಹೋದ ಅಯ್ಯನವರು ಏನು ಹೇಳಿದ್ದಿರಬಹುದು?” ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ಅವರೂ ಉತ್ತರ ಕೊಡದೆ ಮುಂದಿನ ಪುಟಕ್ಕೆ ಹೋದರು. ಸಭಾಪಾಲನೆ ಮತ್ತು ಸಂಶೋಧನೆ ಎರಡು ಬೇರೆ ಕೆಲಸಗಳಲ್ಲವೆಂಬುದು ನನಗೆ ಮನದಟ್ಟಾದದ್ದು ಅಂದು.

ಆರಾಧನೆಯಲ್ಲಿ ಮಾಡುವ ಪ್ರಸಂಗದ (ಉಪದೇಶದ) ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ವಾರದುದ್ದಕ್ಕೂ ಗ್ರೀಕ್, ಹೀಬ್ರೂ ವ್ಯಾಕರಣದಲ್ಲಿ ಮುಳುಗಿರುತ್ತಿದ್ದ ನಾವು ಆ ವಿದ್ಯೆಯನ್ನೆಲ್ಲ ವೇದಿಕೆಯ ಮೇಲೆ ಹರಡಲು ಹೊರಟರೆ, ದಿನವಿಡೀ ದುಡಿದು ಬಂದು ಕೊನೆಯ ಬೆಂಚಿನಲ್ಲಿ ಕುಳಿತವರಿಗೆ ಇದರಲ್ಲಿ ಏನಿದೆ ಎಂದು ಕೇಳುತ್ತಿದ್ದರು. ಅವರ ಬರವಣಿಗೆಯೂ ಹಾಗೆಯೇ ಇತ್ತು: ವಾಕ್ಯ ಎಷ್ಟೇ ಉದ್ದವಾಗಿದ್ದರೂ ಓದಿ ಹೇಳಿದರೆ ಕಿವಿಗೆ ನಿಲ್ಲುವಂಥದ್ದು. ಪದವಿಗಳ ಬಗ್ಗೆ, ಬಂದ ಗೌರವಗಳ ಬಗ್ಗೆ ಅವರು ತಾವಾಗಿ ಮಾತೆತ್ತಿದ್ದನ್ನು ನಾನು ಕೇಳಿಲ್ಲ.

ನಿವೃತ್ತಿಯ ನಂತರ ಅವರು ಮತ್ತೆ ಒಂದು ಸಣ್ಣ ಸಭೆಯ ಆರಾಧನೆಗಳನ್ನು ನಡೆಸಿಕೊಟ್ಟರು, ಜೊತೆಗೆ ಆ ಸಭೆಯ ಕುಟುಂಬಗಳ ಚರಿತ್ರೆಯನ್ನು ಬಿಡಿಬಿಡಿಯಾಗಿ ಬರೆಯುತ್ತ ಹೋದರು. ಕೆಲವು ಲೇಖನಗಳು ಈ ಪತ್ರಿಕೆಯ ಹಿಂದಿನ ಸಂಚಿಕೆಗಳಲ್ಲಿವೆ, ಕೆಲವು ಕೈಬರಹದಲ್ಲೇ ಶಿಷ್ಯರ ಬಳಿ ಉಳಿದಿವೆ. ಅಂಥ ಪ್ರತಿಗಳನ್ನು ಇಟ್ಟುಕೊಂಡಿರುವ ಹಳೆಯ ವಿದ್ಯಾರ್ಥಿಗಳು ದಯವಿಟ್ಟು ಅವನ್ನು ಕಾಲೇಜಿನ ಗ್ರಂಥಾಲಯಕ್ಕೆ ತಲುಪಿಸಬೇಕು. ಒಟ್ಟುಗೂಡಿಸಿ ಅಚ್ಚಿಗೆ ಸಿದ್ಧಪಡಿಸುವ ಕೆಲಸವನ್ನು ನಾನು ಸಂತೋಷದಿಂದ ವಹಿಸಿಕೊಳ್ಳುತ್ತೇನೆ.