ಮನೆಗೂ ಠಾಣೆಗೂ ನಡುವೆ

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೆಳೆಯುವವರಲ್ಲಿ ಹೆಚ್ಚಿನವರು ಸುತ್ತಲ ಹಳ್ಳಿಗಳ ಹಿಂದೂ ರೈತರು. ಆ ಗೂಡನ್ನು ಕೊಂಡು ನೂಲು ತೆಗೆಯುವ ರೀಲರುಗಳಲ್ಲಿ ಹೆಚ್ಚಿನವರು ಪಟ್ಟಣದ ಮುಸ್ಲಿಮರು. ಇಬ್ಬರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವ ಕಾಲೇಜಿನಲ್ಲಿ ನಾನು ಪಾಠ ಮಾಡುತ್ತೇನೆ. ಮತದ ಹೆಸರಿನಲ್ಲಿ ದಾರಿತಪ್ಪುವ ಮಕ್ಕಳ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಅದು ದೂರದ ಊರುಗಳ ಸಂಗತಿಯೆಂದೇ ನಾವೆಲ್ಲ ಓದುತ್ತಿದ್ದೆವು.

ಒಂದು ಮಧ್ಯಾಹ್ನ ನನ್ನ ವಿದ್ಯಾರ್ಥಿಯೊಬ್ಬನ ತಾಯಿ ಸಿಬ್ಬಂದಿ ಕೊಠಡಿಯ ಬಾಗಿಲಿಗೆ ಬಂದು, ಸ್ವಲ್ಪ ಹೊರಗೆ ಬನ್ನಿ ಎಂದು ಕರೆದರು. ಸಣ್ಣ ನೂಲು ಘಟಕ ನಡೆಸುತ್ತಿದ್ದ ಅವರ ಗಂಡ ಕೊರೊನಾ ಕಾಲದಲ್ಲಿ ತೀರಿಕೊಂಡಿದ್ದರು. ಘಟಕ ಸಾಲಕ್ಕೆ ಹೋಗಿತ್ತು. "ಮಗ ನನ್ನ ಜೊತೆ ಊಟಕ್ಕೆ ಕೂರಲ್ಲ ಸಾರ್. ಮುರುಗಮಲ್ಲ ದರ್ಗಾಕ್ಕೆ ಹೋಗಿಬಂದೆ ಅಂತ ನಾನು ಮುಸ್ಲಿಮಳೇ ಅಲ್ಲ ಅಂತಾನೆ. ಪೊಲೀಸರಿಗೆ ಹೇಳಿದರೂ ಮಗ ಕೈತಪ್ಪುತ್ತಾನೆ, ಹೇಳದಿದ್ದರೂ ಕೈತಪ್ಪುತ್ತಾನೆ" ಎಂದರು. 2016ರಲ್ಲಿ ಕೇರಳದಿಂದ ಮನೆಮಂದಿಗೆ ತಿಳಿಸದೆ ಹೊರಟು ಅಫ್ಘಾನಿಸ್ತಾನದ ಐಸಿಸ್ ನೆಲೆ ಸೇರಿದ 21 ಮಂದಿಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಗಡ್ಡ ಬಿಡುವುದು, ಐದು ಹೊತ್ತು ನಮಾಜು ಮಾಡುವುದು, ದರ್ಗಾಕ್ಕೆ ಹೋಗುವುದು ಸರಿಯಲ್ಲವೆಂದು ನಂಬುವುದು, ಇವು ಯಾವುವೂ ಉಗ್ರವಾದವಲ್ಲ. ಅವು ಅವನವನ ಶ್ರದ್ಧೆ, ಅದನ್ನು ಪ್ರಶ್ನಿಸುವ ಅಧಿಕಾರ ನನಗಿಲ್ಲ. ಆತಂಕಪಡಬೇಕಾದದ್ದು ಹಳೆಯ ಗೆಳೆಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಕಡಿದುಕೊಂಡು, ತನ್ನಂತೆ ನಂಬದವರ ಜೀವಕ್ಕೆ ಬೆಲೆಯೇ ಇಲ್ಲವೆಂದು ಅವನು ಮಾತನಾಡತೊಡಗಿದಾಗ. ಆ ಹುಡುಗ ಅಲ್ಲಿಗೆ ಬಂದು ನಿಂತಿದ್ದ.

ಅವನೊಂದಿಗೆ ಬಹಳ ಹೊತ್ತು ಕುಳಿತ ಮೇಲೆ ತಾನಾಗಿಯೇ ಫೋನು ತೆರೆದು ತೋರಿಸಿದ. ಎಂದೂ ಮುಖ ನೋಡದ ವ್ಯಕ್ತಿಯೊಬ್ಬ ಕಳುಹಿಸಿದ್ದ ಮೊದಲ ಸಂದೇಶದಲ್ಲಿ ಧರ್ಮದ ಸೊಲ್ಲೇ ಇರಲಿಲ್ಲ, "ಊಟ ಆಯ್ತಾ ತಮ್ಮಾ?" ಎಂದಷ್ಟೇ ಇತ್ತು. ಅಪ್ಪ ಹೋದ ಮೇಲೆ ಸಾಲಗಾರರು ಬಾಗಿಲು ಬಡಿದರು, ಬಂಧುಗಳು ದೂರ ಸರಿದರು, ನಾವು ಮೇಷ್ಟರುಗಳು ಹಾಜರಿ ಕಡಿಮೆಯಾಯಿತೆಂದು ನೋಟಿಸು ಕೊಟ್ಟೆವು. ಊಟದ ವಿಚಾರ ಕೇಳಿದವನು ಆ ಅಪರಿಚಿತ ಒಬ್ಬನೇ. ದ್ವೇಷದ ವಿಡಿಯೊಗಳು ಬಂದದ್ದು ವಿಶ್ವಾಸ ಬೇರೂರಿದ ನಂತರ. ಅದರ ಹಿಂದಿನ ವರ್ಷ ರೈತರ ಮನೆಯ ಹುಡುಗನೊಬ್ಬ ಮುಸ್ಲಿಂ ರೀಲರುಗಳಿಗೆ ಗೂಡು ಮಾರಬಾರದೆಂದು ತರಗತಿಯಲ್ಲೇ ವಾದಿಸತೊಡಗಿದ್ದ. ಅವನಿಗೆ ವಿಡಿಯೊ ಕಳುಹಿಸುತ್ತಿದ್ದವನೂ ಮೊದಲು ವಿಚಾರಿಸಿದ್ದು ಅವನ ತಂದೆಯ ಕಾಯಿಲೆಯನ್ನು. ಬಡತನವೊಂದೇ ಇದಕ್ಕೆ ಕಾರಣವೆಂದೂ ಅಲ್ಲ. 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲುಗಳಲ್ಲಿ ಸಾರಿನ್ ವಿಷಾನಿಲ ಬಿಟ್ಟ ಓಮ್ ಶಿನ್ರಿಕ್ಯೊ ಪಂಥದವರಲ್ಲಿ ಹೃದಯತಜ್ಞ ವೈದ್ಯನೊಬ್ಬನೂ ಇದ್ದ.

ಹುಡುಗನ ಒಪ್ಪಿಗೆಯ ಮೇಲೆ ಅವನನ್ನು ಮೊಹಲ್ಲಾದ ಮಸೀದಿಯ ಹಿರಿಯ ಹಜರತರ ಬಳಿಗೆ ಕರೆದುಕೊಂಡು ಹೋದೆ. ಅವರು ಉಪದೇಶಕ್ಕೆ ಇಳಿಯಲಿಲ್ಲ. ಚಹಾ ತರಿಸಿ, ಅವನ ತಂದೆ ಶುಕ್ರವಾರದ ನಮಾಜಿಗೆ ಯಾವ ಕಂಬದ ಪಕ್ಕ ಕೂರುತ್ತಿದ್ದರೆಂಬುದನ್ನು ತೋರಿಸಿದರು. ಆಮೇಲೆ, "ನಿನಗೆ ದೀನ್ (ಧರ್ಮ) ಕಲಿಸುತ್ತಿರುವವನ ಹೆಸರೇನು ಮಗನೇ? ಊರು ಯಾವುದು? ಅವನ ಉಸ್ತಾದ್ ಯಾರು?" ಎಂದು ಕೇಳಿದರು. ಯಾರಿಂದ ಕಲಿತೆ, ಅವರು ಯಾರಿಂದ ಕಲಿತರು ಎಂಬ ಗುರುಪರಂಪರೆ ತಿಳಿಯದೆ ವಿದ್ಯೆ ಸ್ವೀಕರಿಸಬಾರದೆಂಬುದು ಅವರ ಸಂಪ್ರದಾಯದ ಹಳೆಯ ಶಿಸ್ತು. ಹುಡುಗ ಒಂದಕ್ಕೂ ಉತ್ತರಿಸಲಾಗದೆ ತಲೆ ತಗ್ಗಿಸಿದ. ನಾನು ಗಂಟೆಗಟ್ಟಲೆ ಹೇಳಿದ ಸಂವಿಧಾನ, ಸೌಹಾರ್ದಗಳ ಮಾತು ಮಾಡದ ಕೆಲಸವನ್ನು ಆ ಪ್ರಶ್ನೆ ಮಾಡಿತು, ಏಕೆಂದರೆ ಅದು ಅವನ ಶ್ರದ್ಧೆಯ ಒಳಗಿನಿಂದಲೇ ಬಂದಿತ್ತು.

ಒಂದೇ ದಿನದಲ್ಲಿ ಅವನು ಬದಲಾಗಲಿಲ್ಲ. ಫೋನಿನ ಸಂಪರ್ಕ ಬಿಡಲು ತಿಂಗಳುಗಳೇ ಹಿಡಿದವು. ಈಗ ಸಂಬಂಧಿಕರ ಘಟಕದಲ್ಲಿ ಲೆಕ್ಕ ಬರೆಯುತ್ತಾನೆ. ದರ್ಗಾದ ವಿಷಯದಲ್ಲಿ ತಾಯಿಯೊಡನೆ ಇಂದಿಗೂ ಜಗಳವಾಡುತ್ತಾನೆ, ಆದರೆ ಊಟ ಅವರ ಜೊತೆಯಲ್ಲೇ.

ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಪೊಲೀಸರು ಮತ್ತು ನಗರಾಡಳಿತ ಸೇರಿ 2007ರಿಂದ ಇಂಥ ತಾಯಂದಿರಿಗಾಗಿಯೇ ಒಂದು ವ್ಯವಸ್ಥೆ ಕಟ್ಟಿದ್ದಾರೆ. ಹೆತ್ತವರು, ಶಿಕ್ಷಕರು ಹೆದರದೆ ಅಲ್ಲಿಗೆ ಹೋಗಬಹುದು. ಯುವಕನಿಗೆ ಮಾರ್ಗದರ್ಶಕರೊಬ್ಬರು ಸಿಗುತ್ತಾರೆ, ಓದಿಗೆ, ಕೆಲಸಕ್ಕೆ ನೆರವಾಗುತ್ತದೆ. ಅಪರಾಧ ಮಾಡಿದವನಿಗೆ ವಿನಾಯಿತಿಯಿಲ್ಲ. 2013ರ ಕೊನೆಯ ವೇಳೆಗೆ ಆ ನಗರದಿಂದ ಸುಮಾರು 30 ಯುವಕರು ಸಿರಿಯಾಕ್ಕೆ ಹೋಗಿದ್ದರು. 2014ರಲ್ಲಿ ಹೋದವನು ಒಬ್ಬ. ನಮ್ಮಲ್ಲಿ ಯುಎಪಿಎಯಂಥ (ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ) ಕಠಿಣ ಕಾನೂನು 1967ರಿಂದಲೂ ಇದೆ, ಹಿಂಸೆಗೆ ಇಳಿದವರಿಗೆ ಅದು ಬೇಕೂ ಹೌದು. ಆದರೆ ಹಿಂಸೆಗೆ ಇನ್ನೂ ಇಳಿಯದ ಮಗನನ್ನು ಉಳಿಸಿಕೊಳ್ಳಬಯಸುವ ನಮ್ಮೂರಿನ ತಾಯಿಗೆ ಮನೆಗೂ ಠಾಣೆಗೂ ನಡುವೆ ತಟ್ಟಲು ಒಂದು ಬಾಗಿಲೂ ಇಲ್ಲ.

ಹಜರತರು, ನಾನು ಮತ್ತು ಆ ರೈತ ಹುಡುಗನ ಸೋದರಮಾವ ಸೇರಿ ತಾಲ್ಲೂಕು ಕೇಂದ್ರದಲ್ಲಿ ಒಬ್ಬ ಆಪ್ತಸಮಾಲೋಚಕರನ್ನೂ, ಯಾವ ಮತದವರಾದರೂ ಬಂದು ಮಾತನಾಡಬಹುದಾದ ಒಂದು ಕೊಠಡಿಯನ್ನೂ ಕೊಡಿರೆಂದು ಮನವಿ ಬರೆದಿದ್ದೇವೆ. ಅನುಮತಿ ಬರುವವರೆಗೆ ಶನಿವಾರ ಮಧ್ಯಾಹ್ನ ನನ್ನ ಮನೆಯಲ್ಲೇ ಕೂರುವುದೆಂದು ತೀರ್ಮಾನಿಸಿದ್ದೇವೆ.